ಕೆಳಗಿನ ಸಣ್ಣ ಅಕ್ಷರ

ಜೂನ್ ಬಂತು. ಹ್ಯಾಲಿಫ್ಯಾಕ್ಸಿನಿಂದ ಫಾರಮ್ಮೂ ಬಂತು.
ಮಗುವಿಗೊಂದು ಹಾಳೆ, ಹಾಳೆಯಲ್ಲಿ ಒಂದು ಚೌಕ:
ಈ ವರ್ಷ ಮನೆಯಲ್ಲಿ ಕಲಿತದ್ದನ್ನು ಬರೆಯಿರಿ.
ಬ್ರೆಡ್ಡಿನ ಹಿಟ್ಟು ಉಬ್ಬುವ ತನಕ ಸಮಯವಿದೆ.
ಪೆನ್ಸಿಲು ಕಚ್ಚುತ್ತ ಕೂತಿದ್ದೇನೆ,
ಅಳಿಸಲು ಬರಲಿ ಎಂದು ಪೆನ್ಸಿಲು.

ಓಡ್ರಾಳದ್ದು ಸುಲಭ. ಹನ್ನೆರಡು ವರ್ಷ.
ಭಿನ್ನರಾಶಿ ಮುಗಿಸಿದಳು,
ಅದಕ್ಕೂ ಮೊದಲೇ ನನ್ನ ಸಹನೆ ಮುಗಿಸಿದಳು.
ಮಂಗಳವಾರ ಮುದುಕ ಕಾಮೋನ ಮನೆಗೆ ಹೋಗಿ
ಫ್ರೆಂಚಿನಲ್ಲಿ ಇಸ್ಪೀಟಾಡಿ ಫ್ರೆಂಚಿನಲ್ಲೇ ಸೋತು ಬರುತ್ತಾಳೆ.
ಅವನ ಫೀಸು ಎರಡು ಬ್ರೆಡ್ಡು,
ಸತ್ತ ಹೆಂಡತಿಯ ಕತೆಗೆ ಒಂದು ಜೊತೆ ಕಿವಿ.
ಬೈಗುಳ ಎಷ್ಟು ಕಲಿತಳೆಂದು
ಫಾರಮ್ಮು ಕೇಳುವುದಿಲ್ಲ.

ಟೋಬಿಗೆ ಐದು. ಬಣ್ಣ, ಗುಂಡಿ, ಎಣಿಕೆ.
ಹದಿನಾರರವರೆಗೆ ಬರುತ್ತದೆ. ಆಮೇಲೆ, 'ತುಂಬಾ'.

ನಡುವಿನವನ ಹಾಳೆ ಖಾಲಿ.
ಎಮೆಟ್‌ಗೆ ಒಂಬತ್ತು ತುಂಬಿ ಮೂರು ತಿಂಗಳು.
ಅಕ್ಷರ ಕಂಡರೆ ನಾಯಿ ಕಂಡ ಬೆಕ್ಕಿನ ಹಾಗೆ
ಬೆನ್ನು ಬಿಲ್ಲಾಗುತ್ತದೆ.
ಸೋಮವಾರ ಬೆಳಿಗ್ಗೆ ನಾನು 'ಇದೇನು?' ಅನ್ನುವುದು,
ಅವನು ಕಿಟಕಿ ನೋಡುವುದು.
ಬುಧವಾರ ಲೈಬ್ರರಿ ಬಸ್ಸು ಬಂದರೆ
ಅಕ್ಕ ಹೊರಲಾರದಷ್ಟು ಹೊತ್ತು ತರುತ್ತಾಳೆ,
ಇವನು ಬಸ್ಸಿನ ಟೈರು ನೋಡಿ ಬರುತ್ತಾನೆ.
ಚರ್ಚಿನ ಹಾಲಿನಲ್ಲಿ ಆರು ಮನೆಯ ಮಕ್ಕಳು ಸೇರಿ ನಾಟಕ ಕಟ್ಟಿದರೆ
ಇವನಿಗೆ ಮಾತಿಲ್ಲದ ಪಾತ್ರ.
ಬಂಡೆ. ಒಮ್ಮೆ ತಿಮಿಂಗಿಲ.

ಅತ್ತೆ ಅರ್ಲೀನ್ ಮೂವತ್ತೊಂದು ವರ್ಷ
ಊರ ಶಾಲೆಯಲ್ಲಿ ಪಾಠ ಹೇಳಿದವಳು.
ಭಾನುವಾರ ಬರುತ್ತಾಳೆ, ಕೋಟು ಕಳಚುವ ಮೊದಲೇ
'ಓದ್ತಾನಾ?'
'ಓದ್ತಾನೆ' ಅಂದಿದ್ದೇನೆ, ಮೂರು ಸಲ.
ಗಂಡ ಸ್ಕಾಲಪ್ ದೋಣಿಯವನು:
ಹನ್ನೆರಡು ದಿನ ಕಡಲು, ಎರಡು ದಿನ ನಿದ್ದೆ.
ಅವನಿಗೂ ಅಷ್ಟೇ ಹೇಳಿದ್ದು.

ಶುಕ್ರವಾರ ನಾವು ಕೊಲ್ಲಿಗೆ ಇಳಿಯುತ್ತೇವೆ.
ಇಲ್ಲಿಯ ಕಡಲು ದಿನಕ್ಕೆರಡು ಸಲ ಮನೆ ಖಾಲಿ ಮಾಡುತ್ತದೆ,
ಮೂರು ಮಹಡಿಯಷ್ಟು ನೀರು ಹೊತ್ತು ಹೋಗಿ
ಕೆಸರು, ಪಾಚಿ, ಚಿಪ್ಪು ಬಿಟ್ಟಿರುತ್ತದೆ ನಮಗೆ,
ಮತ್ತೆ ಹೇಳದೆ ಕೇಳದೆ ವಾಪಸು ಬರುತ್ತದೆ.
ಹೇಳದೆ ಅಂದರೆ ಸುಳ್ಳು:
ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೇವಲ್ಲ,
ಬಲೆ ಅಂಗಡಿಯವರು ಕೊಟ್ಟ ಉಬ್ಬರ-ಇಳಿತದ ಪಟ್ಟಿ.
ಇಳಿತ ಹತ್ತೂ ಇಪ್ಪತ್ತಕ್ಕೆ ಎಂದಿತ್ತು.
ಬಕೆಟ್ಟು, ಸಲಿಕೆ, ನೋಟ್‌ಬುಕ್ಕು,
ಟೋಬಿಯ ಎಡಗಾಲಿನ ಬೂಟಿಗಾಗಿ ಅರ್ಧ ತಾಸು ಕೂಗಾಟ,
ಏದುಸಿರಲ್ಲಿ ಇಳಿದರೆ
ನಾವು ಅಗೆಯುವ ಜಾಗ ಇನ್ನೂ ಮೊಣಕಾಲು ನೀರಡಿ.

'ಪಟ್ಟಿಯೇ ತಪ್ಪು' ಎಂದೆ,
ಊರಿಗೆಲ್ಲ ಕೇಳುವ ಹಾಗೆ.
'ತಪ್ಪಲ್ಲ' ಎಂದ ಎಮೆಟ್,
ಕಲ್ಲೊಂದನ್ನು ಮಗುಚುತ್ತ, ತಲೆಯೆತ್ತದೆ.
'ಕೆಳಗೆ ಸಣ್ಣದಾಗಿ ಇದೆಯಲ್ಲ,
ಬೇಸಿಗೆ ಗಡಿಯಾರಕ್ಕೆ ಒಂದು ಗಂಟೆ ಕೂಡಿಸಿಕೊಳ್ಳಿ ಅಂತ.'
'ಯಾರು ಹೇಳಿದ್ದು?'
'ಯಾರೂ ಹೇಳಿಲ್ಲ. ಬರೆದಿದೆ.'

ಓಡ್ರಾ ನನ್ನ ಮುಖ ನೋಡಿದಳು.
ನಾನು ಮೂಗು ಸೀಟಿದೆ, ಚಳಿ ಎಂದೆ.
ಯಾವಾಗ ಕಲಿತ?
ಹಾಲು ತೆಗೆಯಲು ಹೋದವನು
ಬಾಗಿಲ ಮುಂದೆ ನಿಂತೇ ಇರುತ್ತಿದ್ದನಲ್ಲ,
'ತಂಪೆಲ್ಲ ಹೋಗುತ್ತೆ, ಮುಚ್ಚೋ' ಎಂದು ಗದರುತ್ತಿದ್ದೆನಲ್ಲ,
ಅಪ್ಪನ ದೋಣಿ ಯಾವ ಉಬ್ಬರಕ್ಕೆ ಒಳಬರುತ್ತದೆಂದು
ಬೆರಳಿಟ್ಟು ಹುಡುಕುತ್ತಿದ್ದನೇ?

ಒಂದು ಗಂಟೆ ಕಾದೆವು.
ಟೋಬಿ ಅಲೆ ಎಣಿಸಿದ. ತುಂಬಾ ಇದ್ದವು.

ಭಾನುವಾರ ಅತ್ತೆ ಕೇಳಿದಳು. 'ಓದ್ತಾನೆ' ಎಂದೆ.
ಅದೇ ಮಾತು, ಬಾಯಲ್ಲಿ ರುಚಿ ಬೇರೆ.
ಸೋಮವಾರ ಪುಸ್ತಕ ತೆರೆದೆ.
ಅವನು ಕಿಟಕಿ ನೋಡಿದ. ನಾನೂ ನೋಡಿದೆ.
ಹೊರಗೆ ಕಾಮೋನ ಬಿಳಿ ಅಂಗಿಗಳು ಹಗ್ಗದ ಮೇಲೆ ಜಗಳವಾಡುತ್ತಿದ್ದವು.

ಈಗ ಹಿಟ್ಟು ಬೋಗುಣಿಯ ಅಂಚು ದಾಟಿದೆ.
ಎಮೆಟ್ ಎಂದು ಬರೆದು ಮುಂದೆ ಸಾಗದೆ ಕೂತಿದ್ದೇನೆ.
ಹಾಲಿನ ಲೋಟ ಹಿಡಿದು ಹಿಂದಿನಿಂದ ಹಾದವನು
ಭುಜದ ಮೇಲಿಂದ ಬಗ್ಗಿ ನೋಡಿ,
ಮೇಲ್ದುಟಿಯ ಬಿಳಿ ಮೀಸೆ ಒರೆಸಿಕೊಂಡು,
'ಪೆನ್ಸಿಲ್ ಆಗಲ್ಲವಂತೆ ಅಮ್ಮ,
ಇಲ್ಲಿದೆ ನೋಡು, ಕೆಳಗೆ'
ಎಂದು ಹೊರಟೇ ಹೋದ.

ಪೆನ್ನು ಹುಡುಕಲು ಎದ್ದೆ.